ಪಾದ ಎತ್ತಿಸಿದ ಕರೆಂಟು

ಮೊದಲ ಏಟು ತಮ್ಮನ ಹಣೆಗೆ ಬಿತ್ತು. ಎರಡನೆಯದಕ್ಕೆ ನನ್ನ ಕೈ ಏಳಲಿಲ್ಲ.

ಮಾಕಳಿಯಲ್ಲಿ ನಾವು ಬಾಡಿಗೆಗೆ ಕೊಡಲು ಕಟ್ಟಿಸುತ್ತಿದ್ದ ರೂಮುಗಳ ಹಿಂದಿನ ಗೋಡೆಗಾಗಿ ನಾನೂ ತಮ್ಮ ನಾಗರಾಜನೂ ಜಗಳಕ್ಕೆ ನಿಂತಿದ್ದೆವು. ಅವನು ನನ್ನ ಜಾಗದೊಳಗೆ ಒಂದಡಿ ಬಂದಿದ್ದಾನೆಂದು ನನ್ನ ವಾದ. ಮಾತು ಬೆಳೆದು ಕಬ್ಬಿಣದ ಸರಳು ನನ್ನ ಕೈಗೆ ಬಂದಿತ್ತು. ಅವನ ಮುಖದ ಮೇಲೆ ರಕ್ತ ಇಳಿಯುವುದನ್ನು ಕಂಡೂ ಮತ್ತೆ ಬೀಸಲು ಹೊರಟೆ. ಸರಳು ಬೆರಳುಗಳಿಂದ ಜಾರಿತು. ಬಲಗಾಲು ಮಡಚಿಕೊಂಡಿತು. ಮರಳಿನ ರಾಶಿಯ ಮೇಲೆ ಕುಸಿದೆ.

ನನ್ನನ್ನು ಎತ್ತಿ ಕಾರಿಗೆ ಹಾಕಿದವನು ನಾಗರಾಜನೇ.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಬೇಗ ಕರೆತಂದಿದ್ದರಿಂದ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಧ್ಯವಾಯಿತಂತೆ. ಕಣ್ಣು ಬಿಟ್ಟಾಗ ಹೆಂಡತಿ ಜಯಮ್ಮನ ಹೆಸರು ಬಾಯಿಗೆ ಬರಲಿಲ್ಲ. ಬೈಗುಳ ಮಾತ್ರ ಸ್ಪಷ್ಟವಾಗಿ ಬಂತು.

ಕೆಲವು ವಾರಗಳಲ್ಲಿ ಮಾತು ಮರಳಿತು, ಕೈಗೂ ಅಷ್ಟಿಷ್ಟು ಬಲ ಬಂತು. ಕಾಲಿಗೆ ಬರಲಿಲ್ಲ. ಹೆಜ್ಜೆ ಎತ್ತಿದರೆ ಪಾದ ಜೋತುಬಿದ್ದು ಬೆರಳುಗಳು ನೆಲಕ್ಕೆ ತಗುಲುತ್ತಿದ್ದವು. ಒಂದು ಬೆಳಿಗ್ಗೆ ಹೊಸ್ತಿಲು ಎಡವಿ ಬಿದ್ದು ಹಲ್ಲು ಮುರಿಯಿತು. ಬಾಯಿ ತುಂಬ ರಕ್ತ. ಎತ್ತಲು ಬಂದ ಜಯಮ್ಮನಿಗೆ ಊರುಗೋಲಿನಿಂದ ಹೊಡೆದೆ.

ಅವಳು ಅಳಲಿಲ್ಲ. ಊದಿಕೊಂಡ ಮಣಿಕಟ್ಟು ಹಿಡಿದುಕೊಂಡು ಹೊರಗೆ ಹೋದಳು.

ಪೀಣ್ಯದ ಹತ್ತಿರದ ಫಿಸಿಯೋಥೆರಪಿ ಸೆಂಟರ್‌ಗೆ ಕರೆದೊಯ್ದವನೂ ನಾಗರಾಜನೇ. ಅಲ್ಲಿನ ಥೆರಪಿಸ್ಟ್ ಆಶಾ ನನ್ನ ಮೊಣಕಾಲಿನ ಕೆಳಗೆ ಎರಡು ಪ್ಯಾಡ್ ಅಂಟಿಸಿದರು.

"ಸಾರ್, ಇಲ್ಲೊಂದು ನರ ಇದೆ. ಸಣ್ಣದಾಗಿ ಕರೆಂಟ್ ಕೊಟ್ರೆ ಪಾದ ತಾನೇ ಮೇಲೇಳುತ್ತೆ."

ಕಟ್ಟಿರುವೆಗಳೆಲ್ಲ ಒಟ್ಟಿಗೆ ಕಚ್ಚಿದಂತಾಯಿತು. ವೈರು ಕಿತ್ತೆ. ಮೆಷಿನ್ನನ್ನು ಗೋಡೆಗೆ ಅಪ್ಪಳಿಸಿದೆ.

"ಸಾಯ್ಸೋಕ್ ಕರ್ಕಂಬಂದಿದೀಯೇನೋ?" ಎಂದು ತಮ್ಮನ ಮೇಲೆ ಕಿರುಚಿದೆ.

ಅವನು ಪ್ಯಾಂಟು ಮೇಲೆ ಮಡಚಿದ. "ನಂಗ್ ಅಂಟ್ಸಿ ಮೇಡಂ."

ಆಶಾ ಇನ್ನೊಂದು ಮೆಷಿನ್ ತಂದರು. ಅವನ ಪಾದ ಚಟ್ಟನೆ ಮೇಲೆದ್ದಿತು. ಹಲ್ಲು ಕಚ್ಚಿಕೊಂಡ. "ನೋಡಣ್ಣ. ಉರೀತದೆ. ಸಾಯಲ್ಲ."

"ಅವತ್ತು ನನ್ನ ಅಲ್ಲೇ ಬಿಟ್ಟು ಹೋಗ್ಬೋದಾಗಿತ್ತಲ್ಲೋ," ಎಂದೆ.

"ಬಿಡೋಣ ಅಂತ್ಲೇ ಅನ್ನಿಸ್ತು. ನಾಕ್ ಹೆಜ್ಜೆ ಹೋದೆ ಕೂಡ. ತಿರುಗ್ ನೋಡಿದ್ರೆ ನೀನು ಬಾಯಿ ಸೊಟ್ಟ ಆಗಿ ಬಿದ್ದಿದ್ದೆ. ಆಗ್ಲಿಲ್ಲ."

ನಾನು ಕಾಲು ಮುಂದೆ ಚಾಚಿದೆ.

ಈಗ ಮೊಣಕಾಲಿನ ಕೆಳಗೆ ಸಣ್ಣ ಮೆಷಿನ್ ಇರುವ ಪಟ್ಟಿ ಕಟ್ಟಿಕೊಂಡು ಬೀದಿಯ ಕೊನೆಯವರೆಗೆ ನಡೆಯುತ್ತೇನೆ. ಹಿಮ್ಮಡಿ ಎದ್ದ ತಕ್ಷಣ ಕರೆಂಟು ಹೊಡೆಯುತ್ತದೆ, ಪಾದ ಏಳುತ್ತದೆ. ಪಟ್ಟಿ ಬಿಚ್ಚಿದರೆ ಬಹುಪಾಲು ಹಳೆಯ ಸ್ಥಿತಿಯೇ. ಪೂರ್ತಿ ಸರಿಹೋಗುತ್ತದೆಂದು ಆಶಾ ಎಂದೂ ಹೇಳಿಲ್ಲ. ಸಿಟ್ಟು ಇನ್ನೂ ಬರುತ್ತದೆ. ಆಗ ಎದ್ದು ಹೊರಗೆ ನಡೆಯುತ್ತೇನೆ. ನಡೆಯಲು ಆಗುತ್ತದಲ್ಲ, ಅದೇ ದೊಡ್ಡದು.

ಕಳೆದ ವಾರ ಯಾರನ್ನೂ ಹಿಡಿಯದೆ ಅಡುಗೆಮನೆಯವರೆಗೆ ಹೋದೆ. ಜಯಮ್ಮ ಒಲೆಯ ಮುಂದಿದ್ದಳು.

"ತಪ್ಪಾಯ್ತು ಕಣೆ," ಎಂದೆ.

ಅವಳು ಒಲೆ ಸಣ್ಣ ಮಾಡಿದಳು. ಆಮೇಲೆ ಒಂದು ಕುರ್ಚಿಯನ್ನು ನನ್ನ ಕಡೆ ತಳ್ಳಿದಳು.

"ಕೂತ್ಕಳಿ, ಬಿದ್ದೀರ."

ಹತ್ತಿರ ಬರಲಿಲ್ಲ. ನಾನು ಕೂತೆ.