ಮಲ್ಲಿಯ ಹೊಳಿಯೋ ಡಬ್ಬಿ

ಇವತ್ತು ಊರಿಗೆ ಹೊಂಟಾಗ ಬಸ್ಸಿನ ಕಿಟಕಿಯಿಂದ ಭತ್ತಕ್ಕ ಹೊಡಿಯೋ ಹುಳದ ಎಣ್ಣಿ ವಾಸನಿ ಬಂತು. ಎಲ್ಲಾರೂ ಮೂಗು ಮುಚ್ಚಿದ್ರು. ನನಗ ಮಾತ್ರ ಹೊಟ್ಟಿ ಉರೀತು.

ನಾ ಸಣ್ಣಾಕಿದ್ದಾಗ ಶಹಾಪುರದ ಕಡೆ ನಮ್ಮೂರಿಗೆ ಕೆನಾಲ್ ಬಂತು. ಆಗ ಕಾಕಾನ ಹೊಲ ಅದರ ಕೆಳಗ ಬಿತ್ತು, ನಮ್ಮದು ನೀರು ಹತ್ತದಂಗ ಮ್ಯಾಲ ಉಳೀತು. ಅವರಿಗೆ ಬಿಳಿ ಅನ್ನ, ನಮಗ ಅದೇ ಜೋಳದ ರೊಟ್ಟಿ. ಅದನ್ನ ಹೆಂಗೋ ತಡಕೊಂಡೆ. ಆದ್ರ ಕಾಕಾನ ಮಗಳು ಮಲ್ಲಿ ಸಾಲಿಗೆ ನೀರು ತರ್ತಿದ್ದ ಆ ಡಬ್ಬಿ! ಖಾಲಿ ಆದ ಹುಳದ ಎಣ್ಣಿ ಡಬ್ಬಿ, ಬೂದಿ ಹಚ್ಚಿ ಕೆನಾಲಿನಾಗ ತೊಳದದ್ದು. ಬೆಳ್ಳಿಯಂಗ ಹೊಳೀತಿತ್ತು.

"ನನಗೂ ಒಂದು ಬೇಕವಾ," ಅಂತ ಅತ್ತೆ.

"ಹುಳ ಸಾಯೋ ಎಣ್ಣಿದು ಅದು. ಸುಮ್ಮನ ಕೂಡು," ಅಂದಳು ಅವ್ವ.

"ಮಲ್ಲಿ ಸತ್ತಾಳೇನು ಹಂಗಾರ?" ಅಂದೆ. ಬೆನ್ನಿಗೆ ಬಿತ್ತು.

ಒಂದಿನ ಡಬ್ಬಿ ತೊಳಿಯೋ ಕಡೆ ಮೀನು ಸತ್ತು ತೇಲಿದ್ವು. ಮೀನೂ ಅವರ ಪಾಲಿಗೇ ಅಂತ ಅದಕ್ಕೂ ಉರಕೊಂಡೆ.

ಇವತ್ತು ಮನಿ ಮುಟ್ಟಿದ್ರ ಮಲ್ಲಿ ನಮ್ಮ ಬಾವಿಕಟ್ಟಿ ಮ್ಯಾಲ ಕೊಡ ಹಿಡಕೊಂಡು ನಿಂತಿದ್ದಳು. ಹೊಲಕ್ಕ ಹೊಡದ ಎಣ್ಣಿ ಇಳಿದು ಅವರ ಬಾವಿ ನೀರು ಈಗ ಬಾಯಿಗೆ ಇಡಾಕ ಬರಂಗಿಲ್ಲ.

"ನಿಮ್ಮದು ಪುಣ್ಯ ಬಿಡವಾ," ಅಂದಳು.

ಆ ದನಿ ನನಗ ಚಲೋ ಗೊತ್ತು. ಡಬ್ಬಿ ಬೇಕಂತ ನಾ ಅತ್ತಾಗಿನ ದನಿ ಅದು.