ಅಜ್ಜಿ ತಂದ ಜ್ಯೂಸ್ ಬಾಟಲಿ

ಹೆಂಗಸರು ಜಾತಿ ನೋಡಿ ವೋಟು ಹಾಕುತ್ತಾರೋ, ಗಂಡ ಹೇಳಿದವರಿಗೆ ಹಾಕುತ್ತಾರೋ ಎನ್ನುವುದೇ ನನ್ನ ಸಂಶೋಧನೆ. ಇದನ್ನೇ ಕೇಳಿಕೊಂಡು ಊರೂರು ಸುತ್ತುತ್ತೇನೆ. ಆದರೆ ಎದುರಿಗೆ ಕೂತವರ ಜಾತಿ ಕೇಳಬೇಕಾದಾಗ ಇವತ್ತಿಗೂ ನಾಲಿಗೆ ಹೊರಳುವುದಿಲ್ಲ.

ನಿಡುಗಲ್ಲಿನಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋದೆ. ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಅಜ್ಜಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವೇ ಅಂಗಡಿಗೆ ಹೋಗಿ, ಸೀಲು ಒಡೆಯದ ಜ್ಯೂಸ್ ಬಾಟಲಿ ತಂದು ಕೈಗಿಟ್ಟರು. ನನ್ನ ಮುಖ ಸಪ್ಪಗಾಯಿತು. ಇವರ ಮನೆಯ ಲೋಟ ನಾನು ಮುಟ್ಟಬಾರದು ಅಂತ ತಾನೇ ಇದು?

"ನಿಮ್ಮ ಮನೆದೇವ್ರು ಯಾವ್ದವ್ವ?" ಎಂದರು ಅಜ್ಜಿ. ನಮ್ಮ ಕಡೆ ಮರ್ಯಾದಸ್ಥರು ಜಾತಿ ಕೇಳುವುದೇ ಹೀಗೆ.

"ನಮ್ಮಪ್ಪ ದೇವ್ರನ್ನೆಲ್ಲ ಬಿಟ್ಟು ಬುದ್ಧನ್ನ ಇಟ್ಕೊಂಡ್ರು ಅಜ್ಜಿ. ಮಧುಗಿರಿ ಹತ್ರ ಕಾಲೋನಿ ನಮ್ದು," ಎಂದೆ, ಸ್ವಲ್ಪ ಬಿರುಸಾಗಿಯೇ.

ಅಜ್ಜಿ ಹಣೆ ಚಚ್ಚಿಕೊಂಡು ನಕ್ಕರು.

"ಅಯ್ಯೋ, ನಮ್ಮೋಳೇ ಏನವ್ವ! ಮೊದ್ಲೇ ಹೇಳ್ಬಾರ್ದಾ? ನಿನ್ನ ಕನ್ನಡಕ, ಬ್ಯಾಗು ನೋಡಿ ಮೇಲಿನೋರು ಅಂದ್ಕಂಬುಟ್ಟೆ ಕಣಮ್ಮ. ಅವ್ರು ನಮ್ಮನೆ ಲೋಟದಾಗೆ ಕುಡಿಯಲ್ವಲ್ಲ!"

ಟೀ ಬಂತು, ಸ್ಟೀಲ್ ಲೋಟದಲ್ಲಿ, ಪಾಯಸದಷ್ಟು ಸಿಹಿಯಾಗಿ. ಜೊತೆಗೆ ನನ್ನ ಸಂಶೋಧನೆಗೆ ಉತ್ತರವೂ ಬಂತು: "ನಾನ್ ಹೇಳ್ದೋರಿಗೇ ನಮ್ಮೆಜಮಾನ ಹಾಕದು. ಯಾರ್ಗೂ ಹೇಳ್ಬ್ಯಾಡ."

ಹೊರಡುವಾಗ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಳ್ಳಲು ಹೋದೆ. ಅಜ್ಜಿ ಅದನ್ನು ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಗೋಡೆಯ ಗೂಡಿನಲ್ಲಿಟ್ಟರು.

"ಇರ್ಲಿ ಬುಡು. ನಾಳಿಕ್ಕೆ ಪಂಚಾಯ್ತಿ ಸಾಯೇಬ್ರು ಬತ್ತಾರೆ."