ಬೆಳ್ಳಮ್ಮ ಕೂತ ಗಾಡಿ

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಹೊಂಗೆಮರದ ಪಕ್ಕ ನಂಜುಂಡೇಶನ ಗ್ಯಾರೇಜಿತ್ತು. ಪೆಟ್ರೋಲ್ ಕಾರುಗಳಿಗೆ ಕಿಟ್ ಹಾಕಿ ಗ್ಯಾಸಿನಲ್ಲಿ ಓಡಿಸುವ ಕೆಲಸವನ್ನು ಅವನು ಮೈಸೂರಿನಲ್ಲಿ ಕಲಿತು ಬಂದಿದ್ದ. ಆ ಗ್ಯಾರೇಜು ಉಳಿದದ್ದು ಅವನ ಕೈಚಳಕದಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನ ಕೈ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಆದರೆ ಗ್ಯಾರೇಜು ಉಳಿದದ್ದು ಅವನ ತಾಯಿ ಬೆಳ್ಳಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದರಿಂದ.

ಬೆಳ್ಳಮ್ಮನದು ಕೊಣನೂರಿನ ಬಳಿಯ ಹಳ್ಳಿ. ಗಂಡ ಚಿಕ್ಕಬೀರಯ್ಯನಿಗೆ ಒಂದಿಷ್ಟು ರಾಗಿ ಹೊಲವಿತ್ತು, ಎಮ್ಮೆಗಳಿದ್ದವು, ಜಗತ್ತಿನ ಎಲ್ಲದರ ಮೇಲೂ ಒಂದು ತಕರಾರಿತ್ತು. ಹೆಂಡತಿ ಮಾಡಿದ ಯಾವ ಕೆಲಸವನ್ನೂ ಸರಿ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯನಲ್ಲ. ಬೆಳ್ಳಮ್ಮ ಬೆಳಿಗ್ಗೆಯೇ ಮುದ್ದೆ ಕಟ್ಟಿಕೊಂಡು ಬಸ್ಸು ಹತ್ತಿ ಮಗನ ಗ್ಯಾರೇಜಿಗೆ ಬಂದುಬಿಡುತ್ತಿದ್ದಳು. ಬುತ್ತಿ ಕೊಟ್ಟು ಮುಂದಿನ ಬಸ್ಸಿಗೆ ಹಿಂದಿರುಗಬಹುದಿತ್ತು. ಹಾಗೆ ಮಾಡದೆ ಹೊಂಗೆಮರದ ಕೆಳಗೆ ಹಳೆಯ ಟೈರಿನ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಸಂಜೆಯವರೆಗೂ ರಸ್ತೆ ನೋಡುತ್ತಿದ್ದಳು. ಈ ಗಾಡಿಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂಬ ಕುತೂಹಲ ಅವಳಿಗೆ. ಕೊಣನೂರಿನ ಸಂತೆ, ಅರಕಲಗೂಡು, ಒಮ್ಮೆ ಹಾಸನದ ಆಸ್ಪತ್ರೆ, ಇಷ್ಟೇ ಅವಳು ಕಂಡ ಲೋಕ. ಕಾರಿನಲ್ಲಂತೂ ಕೂತವಳೇ ಅಲ್ಲ.

ಹಾಸನಕ್ಕೆ ಗ್ಯಾಸ್ ಬಂಕ್ ಬಂದ ವರ್ಷ ನಂಜುಂಡೇಶ ಹೊಲದ ಒಂದು ತುಂಡು ಮಾರಿ ಕಿಟ್ಟುಗಳನ್ನು ತರಿಸಿದ. ಪೆಟ್ರೋಲಿನ ದರ ನೋಡಿ ಹೊಟ್ಟೆ ಉರಿಸಿಕೊಂಡಿದ್ದ ಕಾರಿನವರೆಲ್ಲ ತನ್ನ ಬಾಗಿಲಿಗೆ ಬರುತ್ತಾರೆಂದು ಅವನ ಲೆಕ್ಕ. ಒಬ್ಬನೂ ಬರಲಿಲ್ಲ. ಎಲ್ಲೋ ಗ್ಯಾಸಿನ ವ್ಯಾನೊಂದು ಹೊತ್ತಿ ಉರಿದ ಸುದ್ದಿ ಟೀ ಅಂಗಡಿಯಿಂದ ಟೀ ಅಂಗಡಿಗೆ ದಾಟುತ್ತ ಬಂದಿತ್ತು. ಯಾವ ಊರಿನಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಉರಿದದ್ದನ್ನು ಮಾತ್ರ ಎಲ್ಲರೂ ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತಿದ್ದರು. ಮಗನ ಮುಖ ದಿನೇ ದಿನೇ ಇಳಿದುಹೋಗುವುದನ್ನು ಬೆಳ್ಳಮ್ಮ ಮರದ ಕೆಳಗಿನಿಂದ ನೋಡುತ್ತಿದ್ದಳು. ಮಾರಿದ ಹೊಲದ ಮಾತನ್ನು ಚಿಕ್ಕಬೀರಯ್ಯ ದಿನಾ ಊಟದ ಹೊತ್ತಿಗೇ ಎತ್ತುತ್ತಿದ್ದ.

ಕೊನೆಗೆ ಬಂದವನು ಚಲುವನಾರಾಯಣ. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಹಳೆಯ ಮನೆತನ, ತಂದೆ ಮೇಷ್ಟ್ರಾಗಿದ್ದವರು. ಇವನು ಹಾಸನದಲ್ಲಿ ಒಂದು ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದ, ಅದನ್ನು ಓಡಿಸಲು ಕೆಂಪಣ್ಣ ಎಂಬ ಡ್ರೈವರನ್ನೂ ಇಟ್ಟಿದ್ದ. ಕಿಟ್ ಹಾಕಿಸಿಕೊಳ್ಳುವಷ್ಟು ಆಸೆ ಅವನಿಗಿತ್ತು, ಹಾಕಿಸಿದ ಗಾಡಿಯಲ್ಲಿ ಕೂರುವಷ್ಟು ಧೈರ್ಯ ಇರಲಿಲ್ಲ. ಕೆಲಸ ಮುಗಿದ ದಿನ ನಂಜುಂಡೇಶ ಟ್ರಯಲ್‌ಗೆ ಕರೆದರೆ, ಡಿಕ್ಕಿಯೊಳಗೆ ಮಲಗಿದ್ದ ದುಂಡನೆಯ ಟ್ಯಾಂಕನ್ನು ನೋಡಿ ಹಿಂದಕ್ಕೆ ಸರಿದ.

"ಇದರ ಮೇಲೆ ಯಾರನ್ನಯ್ಯ ಕೂರಿಸೋದು?" ಎಂದ. "ಅಷ್ಟು ಗ್ಯಾರಂಟಿ ಇದ್ದರೆ ನಿನ್ನ ತಾಯೀನೇ ಕೂರಿಸು, ನೋಡೋಣ."

ಅಷ್ಟರಲ್ಲಿ ಬೆಳ್ಳಮ್ಮ ಟೈರಿನಿಂದ ಎದ್ದಳು. ಬಾಯೊಳಗಿನ ಎಲೆಅಡಿಕೆ ಉಗಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡು, ಬಂದು ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ.

"ಏನ್ಲಾ ನೋಡ್ತಾ ನಿಂತಿದೀಯ, ತಗಿ ಇದ. ನಾ ಕೂತ್ಕತೀನಿ."

"ಬ್ಯಾಡ ಕಣವ್ವ," ಎಂದ ಮಗ.

"ಯಾಕ್ ಬ್ಯಾಡ? ನೀ ಮಾಡಿರೋ ಕೆಲ್ಸ ತಾನೆ?"

ಗಾಡಿ ಹೊರಟಿತು. ಗ್ಯಾಸಿನ ವಿಷಯ ಅವಳಿಗೇನು ಗೊತ್ತು? ಗೊತ್ತಿದ್ದದ್ದು ಒಂದೇ. ಟ್ಯಾಂಕು ಕೂರಿಸಿದ ಮೇಲೆ ಮಗ ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತ, ತಂದ ಮುದ್ದೆ ಆರಿ ಗಟ್ಟಿಯಾದರೂ ಮೇಲೇಳದೆ ಕೂತಿದ್ದನ್ನು ಅವಳು ಕಂಡಿದ್ದಳು. ಅಷ್ಟನ್ನೇ ನಂಬಿ ಅವಳು ಹತ್ತಿದ್ದಳು.

ನಂಜುಂಡೇಶ ಹೊಳೆನರಸೀಪುರದ ಹೇಮಾವತಿ ಸೇತುವೆಯವರೆಗೆ ಓಡಿಸಿ ತಿರುಗಿಸಿದ. ಹೋಗುವಾಗ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದವಳು ಬರುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು. ಗ್ಯಾರೇಜಿನ ಮುಂದೆ ಗಾಡಿ ನಿಂತರೂ ಇಳಿಯಲಿಲ್ಲ.

"ಆ ಸೇತ್ವೆ ಆಚೀಕೆ ಯಾವೂರ್ಲಾ?"

"ಅಂಗೇ ಓದ್ರೆ ಚನ್ರಾಯಪಟ್ಣ ಕಣವ್ವ."

"ಇನ್ನೊಂದ್ಸಲ ಅಲ್ಲೀಗಂಟ ಓಗಾನ," ಎಂದಳು.

ಅಂದು ಚಲುವನಾರಾಯಣನ ಜೊತೆ ಬಂದಿದ್ದ ಕೆಂಪಣ್ಣ ಈ ಸಂಗತಿಯನ್ನು ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿದ. ಅಲ್ಲಿಂದ ಅದು ಹೊತ್ತಿ ಉರಿದ ವ್ಯಾನಿನ ಸುದ್ದಿಗಿಂತ ಜೋರಾಗಿ ಓಡಿತು. ಆಮೇಲೆ ಬಂದವರೆಲ್ಲ ಟ್ಯಾಂಕಿನ ಮೇಲೆ ಹೊಡೆದ ತಪಾಸಣೆಯ ಮುದ್ರೆಯನ್ನು ಕೇಳುವ ಮೊದಲು ಅವ್ವ ಕೂರುತ್ತಾರಾ ಎಂದು ಕೇಳತೊಡಗಿದರು. ಬೆಳ್ಳಮ್ಮ ಅದಕ್ಕೊಂದು ಕ್ರಮವನ್ನೇ ಮಾಡಿಕೊಂಡಳು. ಮೊದಲು ಡಿಕ್ಕಿ ತೆಗೆಸುವುದು, ಟ್ಯಾಂಕಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವುದು, ಆಮೇಲೆ ಹಿಂದಿನ ಸೀಟಿನ ನಟ್ಟನಡುವೆ ಕೂರುವುದು. ಪಕ್ಕಕ್ಕೆ ಕೂತರೆ ಟ್ಯಾಂಕಿಗೆ ಹೆದರಿದಂತೆ ಕಾಣುತ್ತದೆ ಎಂದು ಅವಳ ಅಭಿಪ್ರಾಯ.

ಹೀಗೆ ಅವಳು ಊರೂರು ತಿರುಗಿದಳು. ದುದ್ದದ ಡಾಕ್ಟರ ಮಾರುತಿ ವ್ಯಾನಿನಲ್ಲಿ ದುದ್ದ ನೋಡಿದಳು. ರುದ್ರಪಟ್ಟಣದ ವಿದ್ವಾಂಸರೊಬ್ಬರ ಫಿಯೆಟ್ಟಿನಲ್ಲಿ ಅವರ ಮನೆಯವರೆಗೂ ಹೋಗಿ, ಜಗಲಿಯಲ್ಲಿ ಕೂತು ಪಿಟೀಲು ಕೇಳಿ, ಚೆನ್ನಾಗೈತೆ, ಆದ್ರೆ ಏಳಿದ್ನೇ ಯಾಕ್ ಇಷ್ಟೊಂದ್ಸಲ ಏಳ್ತಾರೆ ಎಂದು ಮಗನನ್ನು ಕೇಳಿದಳು. ವಿದ್ವಾಂಸರು ಕೇಳಿಸಿಕೊಂಡು ನಕ್ಕರಂತೆ. ಬಿತ್ತನೆಯ ಕಾಲದಲ್ಲಿ ಹೆಂಗಸು ದಿನಾ ಕಾರಿನಲ್ಲಿ ಮೆರೆಯುತ್ತಾಳೆ ಎಂದು ಚಿಕ್ಕಬೀರಯ್ಯನಿಗೆ ಹೊಸದೊಂದು ತಕರಾರು ಸಿಕ್ಕಿತು. ಚನ್ನರಾಯಪಟ್ಟಣದ ಮಾತು ಮಾತ್ರ ಹಾಗೇ ಉಳಿಯಿತು. ಆ ರಸ್ತೆಯ ಟ್ರಯಲ್ ಎಂದರೆ ಹೇಮಾವತಿ ಸೇತುವೆಯ ಹತ್ತಿರವೇ ತಿರುಗಿಸಿಬಿಡುವ ಅಭ್ಯಾಸ ನಂಜುಂಡೇಶನಿಗೆ.

ಎರಡು ಸಾವಿರದ ಆರರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಬಂತು. ದೇಶದ ಮೂಲೆಮೂಲೆಯ ಯಾತ್ರಿಕರು ಬರುವ ಕಾಲ, ಟ್ಯಾಕ್ಸಿ ಇಟ್ಟವರಿಗೆಲ್ಲ ಸುಗ್ಗಿ. ಅಷ್ಟು ಹೊತ್ತಿಗೆ ಚಲುವನಾರಾಯಣ ದೊಡ್ಡ ಕುಳವಾಗಿದ್ದ. ಸೀಸನ್ನಿಗೆಂದೇ ಒಂದು ಸಾಲು ಹಳೆಯ ಕಾರುಗಳನ್ನು ಕೊಂಡು, ಎಲ್ಲಕ್ಕೂ ನೀನೇ ಕಿಟ್ ಹಾಕು ಎಂದು ನಂಜುಂಡೇಶನಿಗೆ ಹೇಳಿದ. ಒಂದೇ ಷರತ್ತು. ದುಬಾರಿಯ ಟ್ಯಾಂಕು ಬೇಡ, ಅಡುಗೆಮನೆಯ ಸಿಲಿಂಡರನ್ನೇ ಮಲಗಿಸಿ ಕಟ್ಟಿಬಿಡು, ಸೀಸನ್ ಮುಗಿದ ಮೇಲೆ ಬಿಚ್ಚಿದರಾಯಿತು.

ನಂಜುಂಡೇಶ ಎರಡು ದಿನ, ಅದು ಅಪಾಯ, ಆಗುವುದಿಲ್ಲ ಎಂದ. ಮೂರನೆಯ ದಿನ, ಎಲ್ಲರೂ ಮಾಡುತ್ತಾರಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮೊದಲ ಗಾಡಿಗೆ ಕೈ ಹಾಕಿದ. ಮಾರಿದ ಹೊಲವನ್ನು ಮತ್ತೆ ಕೊಳ್ಳುವ ಆಸೆ ಅವನಿಗೆ. ಆ ಆಸೆಯಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ಕೆಲಸದಲ್ಲಿತ್ತು.

ಬೆಳ್ಳಮ್ಮ ಬಂದಾಗ ಡಿಕ್ಕಿ ಮುಚ್ಚಿತ್ತು. ಚಲುವನಾರಾಯಣ ಮೂರ್ನಾಲ್ಕು ಜನ ಡ್ರೈವರುಗಳೊಂದಿಗೆ ಕಾದಿದ್ದ, ಅವರಲ್ಲಿ ಕೆಂಪಣ್ಣನೂ ಇದ್ದ. ಬೆಳ್ಳಮ್ಮ ಕುಂಕುಮದ ಭರಣಿ ಹಿಡಿದು ಗಾಡಿಯ ಹಿಂದಕ್ಕೆ ಹೋದಳು.

"ಇವತ್ ಕುಂಕ್ಮ ಬ್ಯಾಡ ಬುಡವ್ವ, ಒತ್ತಾಯ್ತು. ಗಾಡಿ ಅತ್ಕೊ," ಎಂದ ಮಗ, ಅವಳ ಮುಖ ನೋಡದೆ.

ಅವನು ಮುಖ ನೋಡಿ ಹೇಳಿದ್ದರೆ ಅವಳು ಹತ್ತಿಬಿಡುತ್ತಿದ್ದಳೇನೋ. ಅಷ್ಟು ವರ್ಷದಿಂದ ನೋಡಿ ಕಲಿತಿದ್ದಳು, ತಾನೇ ಡಿಕ್ಕಿ ಎತ್ತಿದಳು. ಒಳಗೆ ಕೆಂಪು ಸಿಲಿಂಡರು ಹಗ್ಗ ಕಟ್ಟಿಸಿಕೊಂಡು ಮಲಗಿತ್ತು. ಅವಳ ಮನೆಗೂ ಗ್ಯಾಸ್ ಬಂದು ವರ್ಷವಾಗಿತ್ತು, ಇದು ಯಾವುದೆಂದು ಹೇಳಿಕೊಡಬೇಕಾಗಿರಲಿಲ್ಲ.

"ಅಡಿಗೆಮನೇಲಿ ನಿಂತಿರೋದ್ನ ಇಲ್ಲಿ ಯಾಕ್ಲಾ ಮಲಗ್ಸಿದೀಯ?"

ಚಲುವನಾರಾಯಣನೇ ಮುಂದೆ ಬಂದ. "ಏನಾಗಲ್ಲಮ್ಮ. ಎರಡೂ ಗ್ಯಾಸೇ. ಸುಮ್ಮನೆ ಒಂದು ಸುತ್ತು ಕೂತು ಬನ್ನಿ, ಇವರಿಗೆಲ್ಲ ಧೈರ್ಯ ಬರುತ್ತೆ."

ಬೆಳ್ಳಮ್ಮ ಡ್ರೈವರುಗಳ ಮುಖ ನೋಡಿದಳು. ತಾನು ಕೂತರೆ ಇವರು ಕೂರುತ್ತಾರೆ, ಇವರ ಹಿಂದೆ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಕೂರುತ್ತಾರೆ ಎಂದು ಅವಳಿಗೆ ಅರ್ಥವಾಯಿತು. ಭರಣಿಯ ಮುಚ್ಚಳ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೂತ್ಕತೀನಿ ಸಾ. ಮನೇಲಿ ನಿಮ್ಮವ್ವಾರು ಇದಾರಲ್ಲ, ಅವ್ರುನ್ನೂ ಕರ್ಕಂಬನ್ನಿ. ಇಬ್ರೂ ಒಟ್ಗೆ ಕೂತ್ಕಂಡು, ಎಲೆಅಡ್ಕೆ ಆಕ್ಕಂಡು ಓಗ್ಬತ್ತೀವಿ."

ಚಲುವನಾರಾಯಣನ ಮುಖ ಕೆಂಪಾಯಿತು, ಅವನಿಗೆ ತನ್ನದೇ ಹಳೆಯ ಮಾತು ನೆನಪಾಗಿರಬೇಕು. ಈ ಕೆಲಸ ಮಾಡಿಕೊಡುವವರು ಹಾಸನದಲ್ಲಿ ಬೇರೆಯವರಿದ್ದಾರೆ ಎಂದ. ನಂಜುಂಡೇಶ ಹಗ್ಗ ಬಿಚ್ಚಿ ಸಿಲಿಂಡರನ್ನು ಇಳಿಸಿ ಕೊಟ್ಟ. ಕಿಟ್ಟಿಗೆಂದು ಬಂದು ನಿಂತಿದ್ದ ಗಾಡಿಗಳೆಲ್ಲ ಹೊರಟುಹೋದವು.

ಸಂಜೆಯ ಬಸ್ಸಿನಲ್ಲಿ ಬೆಳ್ಳಮ್ಮ ಕಿಟಕಿಯ ಪಕ್ಕ ಕೂತಿದ್ದರೂ ರಸ್ತೆ ನೋಡಲಿಲ್ಲ. ಮಗನ ಅನ್ನಕ್ಕೆ ತಾನೇ ಮಣ್ಣು ಹಾಕಿದೆನೇ ಎಂದು ಕಣ್ಣು ತುಂಬಿ ತುಂಬಿ ಬರುತ್ತಿತ್ತು. ಮನೆಗೆ ಬಂದು ಗಂಡನಿಗೆ ನಡೆದದ್ದನ್ನೆಲ್ಲ ಹೇಳಿ, ಬೈಗುಳಕ್ಕೆ ಕಾದಳು. ಚಿಕ್ಕಬೀರಯ್ಯ ಎಮ್ಮೆಗೆ ಹುಲ್ಲು ಹಾಕುತ್ತಿದ್ದವನು ತಿರುಗಿ ನೋಡಿದ.

"ಸರ್ಯಾಗ್ ಮಾಡ್ದೆ ಕಣ," ಎಂದ. ಮದುವೆಯಾದಂದಿನಿಂದ ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಬೆಳ್ಳಮ್ಮ ಅಲ್ಲೇ ಕೂತು ಅತ್ತುಬಿಟ್ಟಳು.

ಹಾಸನದಲ್ಲಿ ಚಲುವನಾರಾಯಣನಿಗೆ ಸಿಲಿಂಡರ್ ಕಟ್ಟಿಕೊಡುವವರು ಸಿಕ್ಕರು, ಓಡಿಸುವವರು ಸಿಗಲಿಲ್ಲ. ಕೆಂಪಣ್ಣ ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟು, "ಬೆಳ್ಳವ್ವ ಕೂತಿಲ್ದಿರೋ ಗಾಡಿ ನಾ ಓಡ್ಸಾಕಿಲ್ಲ ಸಾ," ಎಂದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬೀಗದ ಕೈ ಇಟ್ಟರು. ಹೊಸಬರನ್ನು ಕರೆದರೆ ಅವರೂ ಮೊದಲು ಅದನ್ನೇ ಕೇಳಿದರು. ಸೀಸನ್ ಬಾಗಿಲಿಗೆ ಬಂದು ನಿಂತಿತ್ತು, ಗಾಡಿಗಳು ಶೆಡ್ಡಿನಲ್ಲಿ ನಿಂತಿದ್ದವು.

ಒಂದು ಬೆಳಿಗ್ಗೆ ಹೊಂಗೆಮರದ ಪಕ್ಕ ಆ ಸಾಲು ಕಾರುಗಳು ಮತ್ತೆ ಬಂದು ನಿಂತವು, ಡಿಕ್ಕಿಗಳೆಲ್ಲ ಖಾಲಿ. "ಟ್ಯಾಂಕೇ ಹಾಕಯ್ಯ," ಎಂದಷ್ಟೇ ಹೇಳಿ ಚಲುವನಾರಾಯಣ ಹೋದ. ನಂಜುಂಡೇಶ ಹಗಲೂ ರಾತ್ರಿ ದುಡಿದ. ಸೋಪಿನ ನೀರು ಬಳಿದು ಅವನು ಗುಳ್ಳೆ ಕಾಯುವಾಗ ಈ ಸಲ ಬೆಳ್ಳಮ್ಮನೂ ಟೈರನ್ನು ಹತ್ತಿರಕ್ಕೆ ಉರುಳಿಸಿಕೊಂಡು ಬಂದು ಕೂತಳು. ಅಮ್ಮನ ಮುಖ ನೋಡಿ ಅವನು ನಕ್ಕ. ಅವಳಿಗೆ ಅಷ್ಟು ಸಾಕಾಗಿತ್ತು.

ಕೆಲಸ ಮುಗಿದ ದಿನ ಚಲುವನಾರಾಯಣನ ಜೊತೆ ಅವನ ತಾಯಿ ಅಂಬುಜಮ್ಮನೂ ಬಂದಿಳಿದರು. ಕಂಚಿ ಸೀರೆ, ಕೈಯಲ್ಲಿ ತಮ್ಮ ಮನೆಯ ನೀರಿನ ಚೊಂಬು. ನೇರ ಬಂದು ಬೆಳ್ಳಮ್ಮನ ಎದುರು ನಿಂತರು.

"ಕೆಂಪಣ್ಣ ಎಲ್ಲ ಹೇಳಿದ. ನೀವು ಕರೆದರೂ ನನ್ನನ್ನ ಯಾಕೆ ಕರ್ಕೊಂಡು ಹೋಗಲಿಲ್ಲ ಅಂತ ಇವನನ್ನ ಕೇಳಿದೆ. ಬಾಯೇ ಬಿಡಲಿಲ್ಲ," ಎಂದರು. "ಈಗ ಕೂರೋಣ್ವಾ?"

ಬೆಳ್ಳಮ್ಮ ಡಿಕ್ಕಿ ತೆಗೆಸಿ ಟ್ಯಾಂಕಿಗೆ ಕುಂಕುಮ ಇಟ್ಟಳು. ಅಂಬುಜಮ್ಮ ತಮ್ಮ ತುರುಬಿನ ಹೂವನ್ನು ಕಿತ್ತು ಅದರ ಮೇಲಿಟ್ಟರು. ಆಮೇಲೆ ಇಬ್ಬರೂ ಹಿಂದಿನ ಸೀಟಿನ ನಡುವೆ ಭುಜಕ್ಕೆ ಭುಜ ತಾಗಿಸಿ ಕೂತರು. ಓಡಿಸಲು ಬಂದ ನಂಜುಂಡೇಶನನ್ನು ಚಲುವನಾರಾಯಣ ತಡೆದು ತಾನೇ ಸ್ಟೇರಿಂಗ್ ಹಿಡಿದ. ಹಿಂದೆ ಕೆಂಪಣ್ಣನ ಗಾಡಿ, ಅದರ ಹಿಂದೆ ಉಳಿದವು, ಒಂದಾದ ಮೇಲೊಂದು ಹಾರ್ನ್ ಹೊಡೆಯುತ್ತ ಹೊರಟವು. ಸದ್ದು ಕೇಳಿ ಅರಕಲಗೂಡಿನ ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು.

ಹೇಮಾವತಿ ಸೇತುವೆ ಹತ್ತಿರವಾಯಿತು. ಚಲುವನಾರಾಯಣ ಗಾಡಿ ನಿಧಾನ ಮಾಡಿ, ಕನ್ನಡಿಯಲ್ಲಿ ಬೆಳ್ಳಮ್ಮನನ್ನು ನೋಡಿದ.

"ತಿರುಗಿಸಲಾ ಅಮ್ಮ?"

"ಅಂಗೇ ಓಗ್ಲಿ ಸಾ," ಎಂದಳು ಬೆಳ್ಳಮ್ಮ. "ನಾ ಚನ್ರಾಯಪಟ್ಣ ನೋಡಿಲ್ಲ."

ಚಲುವನಾರಾಯಣ ಗೇರು ಬದಲಿಸಿದ. ಗಾಡಿ ಸೇತುವೆ ಹತ್ತಿತು.